ಚಿಕ್ಕವ್ವನ ಕಣ್ಣು ತಿದ್ದಿದವರು

ನನ್ನ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರುಗಳು ಎರಡಿವೆ. ಎರಡೂ ಪುಕ್ಕಟೆಯವು. ಒಂದಕ್ಕೆ ಬೆಳಕು ಹೆಚ್ಚು ಕಮ್ಮಿ ಮಾಡುವುದು ಬಿಟ್ಟರೆ ಬೇರೇನೂ ಬಾರದು. ಇನ್ನೊಂದಕ್ಕೆ ಎಲ್ಲವೂ ಬರುತ್ತದೆ, ಆದರೆ ನನಗೆ ಅದು ಬಾರದು. ಇವೆರಡನ್ನೂ ತಂದು ಅಲ್ಲಿ ಪ್ರತಿಷ್ಠಾಪಿಸಿದ ಮಹನೀಯರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಸರಿಯಾಗಿ ಅಚ್ಚಾಗಿದೆಯೇ ಎಂದು ಪರೀಕ್ಷಿಸಲು ಅವರು ಎದ್ದು ಬಂದಾರೆಂಬ ಭಯ ನನಗಿನ್ನೂ ಹೋಗಿಲ್ಲ.

ನಾವಿಬ್ಬರೂ ಹೊಸೂರಿನ ಒಂದೇ ಕಾರ್ಖಾನೆಯಲ್ಲಿ ಸರ್ವೀಸು ಮುಗಿಸಿದವರು. ನಾನು ಸ್ಟೋರ್ಸಿನಲ್ಲಿದ್ದೆ, ಅವರು ಕ್ವಾಲಿಟಿಯಲ್ಲಿದ್ದರು. ಹೊರಗಿನ ವರ್ಕ್‌ಶಾಪುಗಳಿಂದ ಬಂದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದು, ಇಲ್ಲವೇ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದು ಅವರ ಉದ್ಯೋಗ. ವಾಪಸು ಕಳಿಸುವುದರಲ್ಲಿ ಅವರಿಗೆ ವಿಶೇಷ ಪ್ರೀತಿ ಇತ್ತೆಂದು ಮಾಲು ಕೊಡುವವರು ಹೇಳುತ್ತಿದ್ದರು. ಅದು ಅನ್ಯಾಯದ ಮಾತು. ಅವರಿಗೆ ಪ್ರೀತಿ ಇದ್ದದ್ದು ಅಳೆಯುವುದರಲ್ಲಿ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಇಟ್ಟುಕೊಂಡಿದ್ದ ತಮ್ಮ ಸ್ವಂತ ಭಾವಮೈದುನನ ಮಾಲನ್ನೇ ಅವರು ಒಮ್ಮೆ ಪೂರ್ತಿ ಲಾರಿಯ ಸಮೇತ ಹಿಂದಕ್ಕೆ ಅಟ್ಟಿದರು. ಆಮೇಲೆ ಮಾವನ ಮನೆಯವರು ಯುಗಾದಿಗೆ ಕರೆಯುವುದನ್ನು ಬಹಳ ಕಾಲ ನಿಲ್ಲಿಸಿದರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಹೋಳಿಗೆ ತಪ್ಪಿತು ಎಂದಷ್ಟೇ ಹೇಳುತ್ತಿದ್ದರು.

ಏನನ್ನೇ ನೋಡಬೇಕಾದರೂ ಮೊದಲು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು, ಆಮೇಲೆ ವಸ್ತುವನ್ನು ತೋಳಿನಷ್ಟು ದೂರ ಹಿಡಿಯುವುದು, ಆಮೇಲೆ ಹತ್ತಿರ. ಕೊನೆಗೆ ‘ನೋಡೋಣ’ ಎಂದರೆ ಅದು ಫೇಲಾಯಿತೆಂದು ಅರ್ಥ. ಪಾಸಾದರೆ ಏನೂ ಹೇಳುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಅವರ ಮೇಜಿನ ಮುಂದೆ ತುಂಬ ಹೊತ್ತು ನಿಂತು, ಏನಾಯಿತು ಸಾರ್ ಎಂದು ಕೇಳಿ ಬೈಸಿಕೊಳ್ಳುತ್ತಿದ್ದರು. ‘ಸರಿ ಇರೋದಕ್ಕೆ ಯಾಕ್ರೀ ಮಾತು’ ಎನ್ನುವುದು ಅವರ ಸಿದ್ಧಾಂತ. ಮಗಳ ಮದುವೆಯ ದಿನ ಬೀಗರನ್ನು ಎದುರುಗೊಳ್ಳುವ ಬದಲು ಚಪ್ಪರದ ಕಂಬ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಂಬ ವಾಲಿತ್ತು. ಬೀಗರು ಕಾದರು.

ಇಂಥವರು ನಿವೃತ್ತರಾದ ಮೇಲೆ ಕ್ಯಾಮೆರಾ ಹಿಡಿದರು. ಕಾರಣ ಅವರ ತಾಯಿಯ ಬ್ಯಾನರು.

ತಮಿಳುನಾಡಿನ ಗಡಿಯ ನಮ್ಮ ಈ ಕಡೆ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ಮೊದಲು ರಸ್ತೆ ತಿರುವಿನಲ್ಲಿ ಅವರ ಫೋಟೋದ ಫ್ಲೆಕ್ಸ್ ಎದ್ದಿರಬೇಕು. ಕಣ್ಣೀರ ಅಂಜಲಿ ಎಂದು ಮೇಲೆ ದೊಡ್ಡದಾಗಿ ತಮಿಳಿನಲ್ಲಿ, ನಡುವೆ ಹೋದವರ ಮುಖ, ಕೆಳಗೆ ಇರುವವರ ಮುಖಗಳು ಸಾಲಾಗಿ. ಬದುಕಿದ್ದಾಗ ಮನೆಯ ಹೊಸ್ತಿಲು ದಾಟದವರಿಗೂ ಆ ಒಂದು ದಿನ ಆಳೆತ್ತರದ ಕೀರ್ತಿ ಬರುತ್ತದೆ. ಅವರ ತಾಯಿ ಉದ್ದನಪಲ್ಲಿಯಲ್ಲಿ ತೀರಿಕೊಂಡಾಗ ಮನೆಯಲ್ಲಿ ಸಿಕ್ಕಿದ್ದು ವೋಟರ್ ಕಾರ್ಡಿನ ಫೋಟೋ ಒಂದೇ. ಇದರಲ್ಲಿ ಕುತ್ತಿಗೆಯಿಂದ ಕೆಳಗೆ ಏನೂ ಇಲ್ಲವಲ್ಲ ಎಂದು ಇವರು ಹೇಳಿದ್ದಕ್ಕೆ ಫ್ಲೆಕ್ಸ್ ಅಂಗಡಿಯ ಹುಡುಗ, ‘ಮುಗಂ ಮಟ್ಟುಂ ಕುಡುಂಗ ಸಾರ್, ಬಾಡಿ ಎಂಗಕಿಟ್ಟೆ ಇರುಕ್ಕು’ ಎಂದನಂತೆ. ಮುಖ ಮಾತ್ರ ಕೊಡಿ, ಮೈ ನಮ್ಮ ಹತ್ತಿರವೇ ಇದೆ. ಅವನ ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆ ಉಟ್ಟು, ಸರ ಹಾಕಿಕೊಂಡು, ತಲೆ ಮಾತ್ರ ಇಲ್ಲದೆ ಕೂತ ಮುತ್ತೈದೆಯರು ಬೇಕಾದಷ್ಟು ಜನ ಇದ್ದರು. ಅದರಲ್ಲೊಬ್ಬಳ ಮೇಲೆ ಈ ತಾಯಿಯ ಮುಖ ಕೂತಿತು. ಮುಖದ ಸುಕ್ಕನ್ನೂ ಅವನು ಧರ್ಮಕ್ಕೆ ಇಸ್ತ್ರಿ ಮಾಡಿಕೊಟ್ಟಿದ್ದ.

ತಾಯಿಯ ತಂಗಿ, ಅಂದರೆ ಇವರ ಚಿಕ್ಕವ್ವ, ಅದೇ ಊರಿನ ಮೇಲುಬೀದಿಯಿಂದ ಅಳುತ್ತಾ ಬಂದವಳು ಆ ಬ್ಯಾನರಿನ ಮುಂದೆ ನಿಂತು ಅಳು ನಿಲ್ಲಿಸಿದಳಂತೆ. ‘ಇದ್ಯಾರ ಮನೆ ಸಾವ್ಲಾ ಮಗಾ, ನಮ್ಮ ಮನೆ ಮುಂದೆ ನಿಲ್ಸವ್ರೆ?’ ಎಂದು ಇವರನ್ನೇ ಕೇಳಿದಳು.

ಆ ಪ್ರಶ್ನೆ ಇವರನ್ನು ಬಿಡಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಪರರ ಕಬ್ಬಿಣವನ್ನು ಕೂದಲೆಳೆಯಷ್ಟು ತಪ್ಪಿದ್ದಕ್ಕೆ ವಾಪಸು ಕಳಿಸಿದ ಮನುಷ್ಯ ತಮ್ಮ ತಾಯಿಯನ್ನು ಹಾಗೇ ಪಾಸು ಮಾಡಿಬಿಟ್ಟಿದ್ದರು. ವರ್ಷದ ತಿಥಿ ಕಳೆದ ಮೇಲೆ ಕೃಷ್ಣಗಿರಿಯ ಮದುವೆ ಫೋಟೋಗ್ರಾಫರೊಬ್ಬನಿಂದ ಹಳೆಯ ಕ್ಯಾಮೆರಾ ಒಂದನ್ನು ಕೊಂಡು ಮತ್ತಿಗಿರಿಯ ನನ್ನ ಮನೆಗೆ ಬಂದರು. ನನಗೂ ಆಗ ಕ್ಯಾಮೆರಾದ ಹುಚ್ಚು ಹೊಸದು. ನಾನು ಗುಲಾಬಿ ಬೆಳೆಯುವ ಶೆಡ್ಡು, ಮಾವಿನ ಹೂವು, ಕೆರೆಯ ಕೊಕ್ಕರೆ ಇಂಥ ಯಾರಿಗೂ ಬೇಡದ ವಿಷಯಗಳನ್ನು ಹಿಡಿಯುತ್ತಿದ್ದೆ. ಅವರಿಗೆ ಬೇಕಿದ್ದದ್ದು ಒಂದೇ. ಚಿಕ್ಕವ್ವನ ಗುಂಡಿಗೆಯಲ್ಲಿ ಬಲವಿಲ್ಲ, ದಿನ ಎಣಿಸಿಕೊಂಡಿರಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವಳಿರುವಾಗಲೇ, ಅವಳು ನೋಡಿ ಒಪ್ಪಿದಂಥ ಒಂದು ಫೋಟೋ ಸಿದ್ಧವಾಗಬೇಕು. ಅವಳದ್ದೇ ಮುಖ, ಅವಳದ್ದೇ ಮೈ.

ಚಿಕ್ಕವ್ವನಿಗೆ ಇದರಲ್ಲಿ ಅಪಶಕುನವೇನೂ ಕಾಣಲಿಲ್ಲ. ತನ್ನ ಹೆಣಕ್ಕೆ ಉಡಿಸುವ ಸೀರೆಯನ್ನು ತಾನೇ ಆರಿಸಿ ಪೆಟ್ಟಿಗೆಯಲ್ಲಿಟ್ಟವಳು, ಫೋಟೋ ಯಾವ ಲೆಕ್ಕ. ಜಗುಲಿಯ ಮೇಲೆ ಬೆಳಗಿನ ಬಿಸಿಲಿಗೆ ಕಾಲು ಚಾಚಿ ಕೂತಳು. ಇವರು ಹಿಡಿದರು. ಫೋಟೋ ಚೆನ್ನಾಗಿಯೇ ಬಂತು, ಆದರೆ ನೆರಳಿನ ಕಡೆಯ ಅರ್ಧ ಮುಖ ಕಪ್ಪಾಗಿತ್ತು. ಅದಷ್ಟನ್ನು ಎತ್ತಬೇಕು. ಹೀಗೆ, ಅಗ್ಗದಲ್ಲಿ ಒಂದು ಒಳ್ಳೆಯ ಸಾಫ್ಟ್‌ವೇರ್ ಆರಿಸುವ ಮಹಾಕಾರ್ಯಕ್ಕೆ ನಮ್ಮಿಬ್ಬರ ಸಮಿತಿ ರಚನೆಯಾಯಿತು. ಅವರು ಅಧ್ಯಕ್ಷರು. ನಾನು ಕಾಫಿ.

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಯಾರೋ ಹೇಳಿದ್ದನ್ನು ಹಾಕಿಕೊಂಡು ಕಲಿಯುತ್ತಾರೆ. ಇವರು ಸಾಫ್ಟ್‌ವೇರನ್ನು ಬೇರಿಂಗಿನಂತೆ ಪರೀಕ್ಷಿಸಿದರು. ಕಾರ್ಖಾನೆಯಲ್ಲಿ ಪ್ರತಿ ಭಾಗಕ್ಕೂ ತಪ್ಪಿಲ್ಲದ ಒಂದು ನಮೂನೆ ಇಟ್ಟಿರುತ್ತಾರೆ, ಮಾಸ್ಟರ್ ಪೀಸ್ ಅಂತ. ಅನುಮಾನ ಬಂದರೆ ಬಂದ ಮಾಲನ್ನು ಅದರ ಪಕ್ಕ ಇಟ್ಟು ನೋಡುವುದು. ಇಲ್ಲಿ ಮಾಸ್ಟರ್ ಪೀಸ್ ಚಿಕ್ಕವ್ವ. ಆದ್ದರಿಂದ ಪ್ರತಿ ಸಾಫ್ಟ್‌ವೇರಿನಲ್ಲೂ ಅದೇ ಫೋಟೋ ತಿದ್ದುವುದು, ನನ್ನ ಲ್ಯಾಪ್‌ಟಾಪನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ರಾಯಕೋಟೆ ರಸ್ತೆಯಲ್ಲಿ ಉದ್ದನಪಲ್ಲಿಗೆ ಹೋಗುವುದು, ಚಿಕ್ಕವ್ವನನ್ನು ಅದೇ ಜಗುಲಿಯ ಮೇಲೆ ಅದೇ ಬಿಸಿಲಿಗೆ ಕೂರಿಸಿ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಿಡುವುದು, ಕನ್ನಡಕ ಒರೆಸಿ ಒಮ್ಮೆ ಇವಳನ್ನು, ಒಮ್ಮೆ ಅದನ್ನು ನೋಡುವುದು. ಹಿಂದೆ ಕೂತು ನಾನೂ ಹೋಗುತ್ತಿದ್ದೆ. ಮುದುಕಿಗೆ ಇದು ಒಳ್ಳೆ ಹೊತ್ತು ಕಳೆಯುವ ಆಟವಾಯಿತು. ಸಂತೇಲಿ ಕುರಿ ಕೊಳ್ಳೋನೂ ಹಿಂಗೆ ನೋಡಲ್ಲ ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದಳು.

ಮೊದಲು ಬಂದದ್ದು ಫೋನಿನ ಆ್ಯಪುಗಳು. ಒಂದು ಚಿಕ್ಕವ್ವನನ್ನು ಬೆಳ್ಳಗೆ ಮಾಡಿತು. ನೋಡೋಣ. ಇನ್ನೊಂದಕ್ಕೆ ಕೃತಕ ಬುದ್ಧಿಯಂತೆ, ಒಂದೇ ಗುಂಡಿ ಒತ್ತಿದರೆ ಸಾಕಂತೆ. ಒತ್ತಿದರು. ಅದು ನೆರಳನ್ನು ಎತ್ತಿದ್ದಲ್ಲದೆ, ಕೇಳದೆಯೇ ಚಿಕ್ಕವ್ವನಿಗೆ ಎಡಗಣ್ಣನ್ನೂ ದಯಪಾಲಿಸಿತು. ಅವಳ ಎಡಗಣ್ಣು ಹೋಗಿ ಎಷ್ಟೋ ಕಾಲವಾಗಿದೆ. ಗಂಡ ಸತ್ತ ಮಾರನೇ ಸುಗ್ಗಿಯಲ್ಲಿ ರಾಗಿ ತೂರುವಾಗ ಸುಂಕು, ಅಂದರೆ ತೆನೆಯ ಚೂರು, ಬಿದ್ದು, ಉಜ್ಜಿ, ಹುಣ್ಣಾಗಿ, ಬೆಳ್ಳಗೆ ಹೂ ಬಿದ್ದ ಕಣ್ಣು ಅದು. ಆ್ಯಪು ತಂದು ಕೂರಿಸಿದ್ದು ಕಂದು ಬಣ್ಣದ, ಬಹಳ ಸುಖವಾಗಿದ್ದ ಯಾರದೋ ಕಣ್ಣು. ಇವರು ಆ ದಿನ ‘ನೋಡೋಣ’ ಎನ್ನಲೂ ಇಲ್ಲ. ‘ಇದು ಯಾರ ಕಣ್ರೀ?’ ಎಂದು ನನ್ನನ್ನು ಕೇಳಿದರು, ನಾನೇ ಕದ್ದು ತಂದಂತೆ.

ಆಮೇಲೆ ಎಲ್ಲರೂ ಹೊಗಳುವ ದೊಡ್ಡ ಸಾಫ್ಟ್‌ವೇರು. ಅದನ್ನು ಕೊಳ್ಳಲಾಗದು, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು ಎಂದು ತಿಳಿದಾಗ, ಬಾಡಿಗೆ ಸಾಕಾಗಿಯೇ ಮತ್ತಿಗಿರಿಯಲ್ಲಿ ಸೈಟು ತಗೊಂಡು ಮನೆ ಕಟ್ಟಿದ್ದು, ಈಗ ಚಿಕ್ಕವ್ವನನ್ನು ಬಾಡಿಗೆಮನೆಯಲ್ಲಿ ಇಡಲಾ ಎಂದರು. ಕಂಪ್ಯೂಟರ್ ರಿಪೇರಿಯವನೊಬ್ಬ ಅದನ್ನೇ ಪೆನ್ ಡ್ರೈವಿನಲ್ಲಿ ಕದ್ದ ಮಾಲಾಗಿ ಹಾಕಿಕೊಡುತ್ತೇನೆಂದ. ಡೂಪ್ಲಿಕೇಟ್ ಮಾಲು ಪಾಸು ಮಾಡದೆ ರಿಟೈರಾದವನು ನಾನು, ಸಾಯುವವಳ ಫೋಟೋಕ್ಕೆ ಮಾಡ್ಲಾ ಎಂದು ಅವನನ್ನೂ ಕೆಂಪು ಚೀಟಿ ಕಟ್ಟಿ ಕಳಿಸಿದರು. ಇನ್ನೊಂದು, ಬಿಟ್ಟಿಯಾಗಿ ಕೆಲವು ದಿನ ನೋಡಲು ಕೊಟ್ಟಿದ್ದು, ಕೆಲಸವನ್ನೇನೋ ಚೆನ್ನಾಗಿ ಮಾಡಿತು. ಆದರೆ ದುಡ್ಡು ಕಟ್ಟುವವರೆಗೆ ಕಂಪನಿಯ ಹೆಸರನ್ನು ಚಿಕ್ಕವ್ವನ ಹಣೆಯ ಮೇಲೆ ವಿಭೂತಿಯಂತೆ ಅಡ್ಡಲಾಗಿ ಬಳಿದು ಕೊಟ್ಟಿತು.

ಹೀಗೆ ಆ ಬೇಸಿಗೆ ಪೂರ್ತಿ ಸ್ಕೂಟರು ಓಡಿತು. ನನಗೆ ಬೇಸರ ಬಂದು, ಆ ಮುದುಕಿ ಇನ್ನೆಷ್ಟು ದಿನ ಕಾದಾಳು ಸಾರ್, ಯಾವುದೋ ಒಂದಕ್ಕೆ ಸಹಿ ಹಾಕಿ ಎಂದೆ. ಅವರು ರಸ್ತೆ ಬದಿಯಲ್ಲಿ ಸ್ಕೂಟರು ನಿಲ್ಲಿಸಿ ಹೇಳಿದ್ದು ಇಷ್ಟೇ: ‘ನಮ್ಮವ್ವಂದು ಅರ್ಜೆಂಟಲ್ಲೇ ಮಾಡಿದ್ದು ಸಾರ್.’

ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ಸಾಫ್ಟ್‌ವೇರು. ಹೆಸರಿಲ್ಲದ, ಆಡಂಬರವಿಲ್ಲದ ಬಡಪಾಯಿ. ನೆರಳು ಎತ್ತುತ್ತದೆ, ಬೆಳಕು ಇಳಿಸುತ್ತದೆ, ಅಂಚು ಕತ್ತರಿಸುತ್ತದೆ. ಇಲ್ಲದ್ದನ್ನು ತರುವ, ಇದ್ದದ್ದನ್ನು ಅಳಿಸುವ ವಿದ್ಯೆ ಅದಕ್ಕೆ ಗೊತ್ತೇ ಇಲ್ಲ. ಅದರಲ್ಲಿ ತಿದ್ದಿದ ಫೋಟೋವನ್ನು ಚಿಕ್ಕವ್ವನ ಪಕ್ಕ ಇಟ್ಟು ಇವರು ಕನ್ನಡಕ ಒರೆಸಿದರು, ದೂರ ನೋಡಿದರು, ಹತ್ತಿರ ನೋಡಿದರು. ಏನೂ ಹೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಅರ್ಧ ಚಿಕ್ಕವ್ವನ ಮುಖ ನೋಡಿ, ಅರ್ಧ ಇನ್ನು ಆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರಬೇಕಿಲ್ಲ ಎಂದು.

ಆದರೆ ಪಾಸು ಮಾಡಬೇಕಾದವರು ಇನ್ನೊಬ್ಬರಿದ್ದರು. ಚಿಕ್ಕವ್ವ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡು, ಬಲಗಣ್ಣನ್ನು ಪರದೆಗೆ ತಾಗಿಸುವಷ್ಟು ಹತ್ತಿರ ತಂದು ನೋಡಿದಳು. ಸುಕ್ಕು, ಬೊಕ್ಕ ಬಾಯಿ, ಬರಿ ಹಣೆ, ಯಾವುದಕ್ಕೂ ತಕರಾರಿಲ್ಲ.

‘ಎಲ್ಲ ಸರಿಯಾಗೈತೆ. ಆ ಕಣ್ಣೊಂದು ಸರಿ ಮಾಡ್ಲಾ.’

ಇವರು ನಕ್ಕರು. ನಿನಗೆ ಇರೋದೇ ಹಂಗಲ್ವಾ ಚಿಕ್ಕವ್ವಾ, ಇಲ್ಲದ್ದು ಹಾಕಿದರೆ ಸುಳ್ಳಾಗುತ್ತೆ, ಅವ್ವನ ಫೋಟೋ ನೋಡಿ ಯಾರ ಮನೆ ಸಾವು ಅಂತ ನೀನೇ ಕೇಳಿದ್ದೆಯಲ್ಲ ಎಂದು ಸಮಾಧಾನವಾಗಿ ವಿವರಿಸಿದರು. ಚಿಕ್ಕವ್ವ ಎಲ್ಲ ಕೇಳಿಸಿಕೊಂಡಳು. ಸೆರಗಿನಿಂದ ಆ ಕಣ್ಣಿನ ನೀರು ಒರೆಸಿಕೊಂಡಳು. ಅದು ಅಳುವಲ್ಲ, ಆ ಕಣ್ಣಿನಿಂದ ಯಾವಾಗಲೂ ನೀರಿಳಿಯುತ್ತಿತ್ತು.

‘ಅದು ನಿಂಗೆ ಸುಳ್ಳು ಕಣ್ಲಾ. ನಿಮ್ಮ ಚಿಕ್ಕಪ್ಪ ಹೋಗುವಾಗ ನಂಗೆ ಎರಡು ಕಣ್ಣಿತ್ತು. ಈ ಒಂಟಿಕಣ್ಣೋಳ್ನ ಅವನು ನೋಡೇ ಇಲ್ಲ. ಅಲ್ಲಿಗೋದ್ರೆ ಗುರ್ತು ಹಿಡಿಯೋದು ಬ್ಯಾಡ್ವಾ?’

ಅವಳೇ ಮುಂದುವರಿದು, ಸುಕ್ಕಿರಲಿ, ಮುದುಕಿ ಆಗವ್ಳೆ ಅಂತ ಅವನಿಗೂ ಅಂದಾಜಿರ್ತದೆ, ಕಣ್ಣು ಹೋಗಿದ್ದು ಮಾತ್ರ ಯಾರು ಹೇಳಿರ್ತಾರೆ ಎಂದಳು.

ಫೋಟೋ ಇರುವುದು ಉಳಿದವರು ನೋಡಲಿಕ್ಕೆ ಎಂದು ನಾವಿಬ್ಬರು ಪಿಂಚಣಿದಾರರು ತಿಳಿದಿದ್ದೆವು. ಅವಳು ಅದನ್ನು ಬೇರೆಯವರಿಗಾಗಿ ತೆಗೆಸಿಕೊಂಡಿದ್ದಳು. ವಾಪಸು ಬಂದಾಗ ಅವರು ಮನೆಯ ಮುಂದೆ ನನ್ನನ್ನು ಇಳಿಸಿ, ‘ಆ ಸಣ್ಣ ಸಾಫ್ಟ್‌ವೇರಲ್ಲಿ ಇದು ಆಗಲ್ಲ ಸಾರ್’ ಎಂದರು.

ಗುಂಡಿ ಒತ್ತಿದರೆ ಕಣ್ಣು ಕೊಡುವ ಆ್ಯಪು ಫೋನಿನಲ್ಲಿ ಇನ್ನೂ ಇತ್ತು. ಅದೇ ಸಾಕಲ್ಲವೇ ಎಂದು ನಾನು ಕೇಳಲಿಲ್ಲ, ಆದರೆ ಯೋಚಿಸಿದೆ. ಅವರು ಅದನ್ನು ಅಳಿಸಿಹಾಕಿದರು. ಚಿಕ್ಕವ್ವನಿಗೆ ಕಣ್ಣು ಬರುವುದಾದರೆ ಅದು ಚಿಕ್ಕವ್ವನದ್ದೇ ಕಣ್ಣಾಗಿರಬೇಕು. ಹಾಗಾಗಿ ನನ್ನ ಕಂಪ್ಯೂಟರಿನ ಎರಡನೇ ದೇವರು ಬಂತು. ಯಾರೋ ಪುಣ್ಯಾತ್ಮರು ಸೇರಿ ಕಟ್ಟಿ ಲೋಕಕ್ಕೆ ಪುಕ್ಕಟೆಯಾಗಿ ಬಿಟ್ಟ ದೊಡ್ಡ ಸಾಫ್ಟ್‌ವೇರು. ಫೋಟೋದ ಮೇಲೆ ಗಾಜಿನ ಹಾಳೆಗಳಂತೆ ಪದರ ಪದರವಾಗಿ ಕೆಲಸ ಮಾಡಬಹುದು. ಅದರ ಗುಂಡಿಗಳನ್ನು ನೋಡಿದರೆ ಕಾರ್ಖಾನೆಯ ಪವರ್ ಹೌಸಿನ ನೆನಪಾಗಿ ಕೈ ಹಿಂದಕ್ಕೆ ಬರುತ್ತದೆ. ಇವರು ತಮಿಳು ವಿಡಿಯೋ ನೋಡಿ, ತೆಲುಗು ವಿಡಿಯೋ ನೋಡಿ, ಎರಡರಲ್ಲೂ ಹೇಳದ್ದನ್ನು ತಪ್ಪು ಮಾಡಿ ಕಲಿತರು.

ಬಲಗಣ್ಣನ್ನು ಎತ್ತಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಕ್ಕೆ ಇಟ್ಟರು. ನನಗೆ ಅದ್ಭುತವಾಗಿ ಕಂಡಿತು. ಅವರು ‘ನೋಡೋಣ’ ಎಂದರು. ಬಲಗಣ್ಣಿನ ಕಪ್ಪಿನಲ್ಲಿ ಬಿಸಿಲಿನ ಚುಕ್ಕಿ ಒಂದು ಬದಿಗಿದ್ದರೆ, ತಿರುಗಿಸಿದ ಕಣ್ಣಿನಲ್ಲಿ ಇನ್ನೊಂದು ಬದಿಗಿತ್ತು. ಒಬ್ಬಳೇ ಹೆಂಗಸಿನ ಎರಡು ಕಣ್ಣಿಗೆ ಸೂರ್ಯ ಎರಡು ದಿಕ್ಕಿನಲ್ಲಿ ಹುಟ್ಟಬಾರದು ಎಂದರು. ಚುಕ್ಕಿಯನ್ನು ಸರಿಸಿದರು. ಆಗಲೂ ಒಪ್ಪಲಿಲ್ಲ. ಯಾವ ಮನುಷ್ಯನ ಎರಡು ಕಣ್ಣೂ ಅಚ್ಚು ಹೊಡೆದಂತೆ ಒಂದೇ ಇರುವುದಿಲ್ಲ, ಎಡದ್ದು ಹೇಗಿತ್ತೋ ಯಾರು ಬಲ್ಲರು. ಹಳೇ ಫೋಟೋ ಒಂದೂ ಇಲ್ಲ. ಡ್ರಾಯಿಂಗ್ ಇಲ್ಲದ ಪಾರ್ಟು ಮಾಡಬೇಕಾದ ಸ್ಥಿತಿ ಅವರಿಗೆ ಜೀವನದಲ್ಲಿ ಮೊದಲ ಬಾರಿ ಬಂತು.

ಮತ್ತೆ ಸ್ಕೂಟರು. ಹೋಗಿ ಅವಳನ್ನೇ ಕೇಳಿದರು. ಚಿಕ್ಕವ್ವ, ನಾನೆಲ್ಲಿ ನನ್ನ ಕಣ್ಣು ನೋಡ್ಕಂಡಿದ್ದೆ, ಕನ್ನಡಿ ಮುಂದೆ ನಿಂತರೆ ಅತ್ತೆ ಬೈತಿದ್ಳು ಎಂದಳು. ಆಮೇಲೆ, ಎಪ್ಪತ್ತು ದಾಟಿದ ಆ ಹೆಂಗಸು, ನಾಚಿಕೊಂಡು ನನ್ನ ಕಡೆಯಿಂದ ಮುಖ ತಿರುಗಿಸಿ ಅಕ್ಕನ ಮಗನಿಗೆ ಮಾತ್ರ ಕೇಳಿಸುವಂತೆ ಹೇಳಿದಳು. ನಕ್ಕಾಗ ಎಡಗಣ್ಣು ಮೊದಲು ಮುಚ್ಚಿಕೊಳ್ಳುತ್ತದೆ ಎಂದು ಅವಳ ಗಂಡ ಅಣಕಿಸುತ್ತಿದ್ದನಂತೆ. ಅಷ್ಟೇ ಗೊತ್ತು.

ಅವರು ಅದನ್ನು ಅಳತೆಯೆಂದೇ ತೆಗೆದುಕೊಂಡರು. ಎಡದ ರೆಪ್ಪೆಯನ್ನು ಒಂದೆಳೆ ಇಳಿಸಿದರು, ಸಾಲದೆಂದು ಇನ್ನರ್ಧ ಎಳೆ. ಪ್ರಿಂಟು ಹಾಕಿಸಿ ಕೊಂಡೊಯ್ದ ದಿನ ಅವರು ಪಕ್ಕದಲ್ಲಿಟ್ಟು ಹೋಲಿಸಲಿಲ್ಲ. ಹೋಲಿಸಲು ಮಾಸ್ಟರ್ ಪೀಸ್ ಈ ಲೋಕದಲ್ಲಿರಲಿಲ್ಲ. ಫೋಟೋವನ್ನು ಅವಳ ಕೈಗೆ ಕೊಟ್ಟು ದೂರ ನಿಂತುಕೊಂಡರು, ಅವರ ಮೇಜಿನ ಮುಂದೆ ನಿಲ್ಲುತ್ತಿದ್ದ ಹೊಸಬರು ನಿಲ್ಲುತ್ತಿದ್ದಂತೆ. ಅವಳು ಬಲಗಣ್ಣಿನ ಹತ್ತಿರ ತಂದು ನೋಡಿದಳು. ಬೆರಳಿನಿಂದ ಆ ಎಡದ ರೆಪ್ಪೆಯನ್ನು ಮುಟ್ಟಿದಳು. ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಆ ಸೀರೆಯ ಮಡಿಕೆಯೊಳಗೆ ಫೋಟೋ ಇಟ್ಟು, ನಮಗೆ ಮಜ್ಜಿಗೆ ತಂದುಕೊಟ್ಟಳು.

ಆಸ್ಪತ್ರೆಯವರು ದಿನ ಎಣಿಸಿಕೊಂಡಿರಿ ಎಂದದ್ದು ಚಿಕ್ಕವ್ವನಿಗೆ. ಹೋದದ್ದು ಇವರು. ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅವರ ಮಗ ಒಳ್ಳೆಯ ಹುಡುಗ, ಅವನೂ ಕಾರ್ಖಾನೆಗೆ ಹೋಗುವವನು. ಮಧ್ಯಾಹ್ನದ ಹೊತ್ತಿಗೆ ನನ್ನ ಹತ್ತಿರ ಬಂದು, ಬ್ಯಾನರಿಗೆ ಅಪ್ಪನ ಫೋಟೋ ಬೇಕು ಅಂಕಲ್ ಎಂದ. ಇದ್ದದ್ದು ನಾನು ಉದ್ದನಪಲ್ಲಿಯ ಜಗುಲಿಯ ಮೇಲೆ ಹಿಡಿದದ್ದು. ನಾನು ಲ್ಯಾಪ್‌ಟಾಪನ್ನು ಅವರ ಮನೆಗೇ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಕೂತು ತೆರೆದೆ. ಎರಡು ದಿನದ ಬಿಳಿ ಗಡ್ಡ, ಜಾರಿದ ಕನ್ನಡಕ, ಅಂಗಿಯ ಮೇಲಿನ ಗುಂಡಿ ಇಲ್ಲ, ಕಣ್ಣಿನ ಕೆಳಗೆ ಚೀಲ. ಮಗ ಮೆಲ್ಲಗೆ, ಗಡ್ಡ ತೆಗೆದು, ಕಣ್ಣಿನ ಕೆಳಗೆ ಸ್ವಲ್ಪ ನೀಟು ಮಾಡಕ್ಕಾಗುತ್ತಾ, ಜನ ನೋಡ್ತಾರಲ್ಲ ಎಂದ. ಕೇಳುವುದು ತಪ್ಪೇನಲ್ಲ. ಸತ್ತ ಅಪ್ಪ ಚೆನ್ನಾಗಿ ಕಾಣಲಿ ಎಂದು ಯಾವ ಮಗ ಬಯಸುವುದಿಲ್ಲ. ನಾನು ಆ ದೊಡ್ಡ ಸಾಫ್ಟ್‌ವೇರನ್ನು ತೆರೆದೆ. ಯಾವ ಗುಂಡಿ ಎಂದು ಹುಡುಕುತ್ತಿದ್ದೆ.

ಅಷ್ಟರಲ್ಲಿ ಚಿಕ್ಕವ್ವನನ್ನು ಆಟೋದಲ್ಲಿ ಕರೆತಂದರು. ಹೆಣದ ಹತ್ತಿರ ಕೂತು ಅಳುವಷ್ಟು ಅತ್ತು, ಸುಸ್ತಾಗಿ, ಗೋಡೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ಪರದೆಯ ಮೇಲಿದ್ದವರನ್ನು ಬಲಗಣ್ಣಿನಿಂದ ನೋಡಿದಳು. ಏನು ಮಾಡ್ತಿದ್ದೀಯಪ್ಪ ಎಂದು ಕೇಳಿದಳು. ಗಡ್ಡ ತೆಗೀತಿದ್ದೀನಮ್ಮಾ, ಸ್ವಲ್ಪ ಸರಿ ಮಾಡ್ತಿದ್ದೀನಿ ಎಂದೆ.

ಅವಳು ನನ್ನ ಕೈಯನ್ನು ಮೌಸಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು.

‘ಅವಂದು ಏನೂ ಮುಟ್ಬ್ಯಾಡಪ್ಪ. ಅವರವ್ವ ಹೋಗಿ ಇನ್ನೂ ಎಷ್ಟ್ ದಿನ ಆಯ್ತು? ಅಲ್ಲಿ ಗುರ್ತು ಹಿಡಿಯೋಳು ಅವಳು. ಅವಳು ಬಿಟ್ಟೋದಾಗ್ಲೂ ಹಿಂಗೇ ಇದ್ದ.’